ದಬ್ಬೆಗೆ ವಾಪಸ್ ಹೋಗುವುದು ಬೇಡ. ಜೆಟ್ಟಿಂಗನ್ನೇ ಸರಿಯಾಗಿ ಮಾಡಿಸೋಣ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಬಳ್ಳಾರಿಯ ಹೋಟೆಲ್ ಮಾಲೀಕರೊಬ್ಬರ ಪತ್ರ ಓದಿದೆ. ಒಳಚರಂಡಿ ಕಟ್ಟಿಕೊಂಡಿತು, ಒತ್ತಡದ ನೀರಿನಿಂದ ಪೈಪು ತೊಳೆಯುವ ಜೆಟ್ಟಿಂಗ್ ಗಾಡಿಯನ್ನು ಎರಡು ಸಲ ಕರೆಸಿದೆ, ಎರಡು ಸಲವೂ ಹೆಚ್ಚು ದಿನ ತಡೆಯಲಿಲ್ಲ, ಇದಕ್ಕಿಂತ ಪೈಪಿಗೆ ತೂರಿಸಿ ಬ್ಲಾಕ್ ಒಡೆಯುವ ಹಳೆ ಬಿದಿರಿನ ದಬ್ಬೆಯೇ ಮೇಲು, ದುಡ್ಡಾದರೂ ಉಳಿಯುತ್ತದೆ ಎಂಬುದು ಅವರ ವಾದ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಕೈತೊಳೆಯುವ ಜಾಗದಲ್ಲಿ ಕಪ್ಪು ನೀರು ಉಕ್ಕಿದರೆ ಯಾವ ಮಾಲೀಕನ ತಲೆಯೂ ನೆಟ್ಟಗಿರುವುದಿಲ್ಲ. ಆದರೆ ದಬ್ಬೆಗೆ ವಾಪಸ್ ಹೋಗೋಣ ಎಂದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ದಬ್ಬೆ ಕೆಲಸ ಮಾಡದಿದ್ದಾಗ ಅದರ ಹಿಂದೆ ಒಬ್ಬ ಮನುಷ್ಯ ಗುಂಡಿಗೆ ಇಳಿಯುತ್ತಾನೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ.

ನಾನು ಬ್ರೂಸ್‌ಪೇಟೆಯವನು. ಹೋಟೆಲು, ಲಾಡ್ಜು, ನರ್ಸಿಂಗ್ ಹೋಮು, ಕಲ್ಯಾಣ ಮಂಟಪಗಳ ಪೈಪಿನ ಕೆಲಸ ಹಿಡಿದು ಮಾಡಿಸುವ ಗುತ್ತಿಗೆದಾರ. ನನ್ನ ಹತ್ತಿರ ಜೆಟ್ಟಿಂಗ್ ಗಾಡಿ ಇಲ್ಲ, ಕೊಳ್ಳುವ ತಾಕತ್ತೂ ಇಲ್ಲ. ಬೇರೆಯವರ ಗಾಡಿ ಕರೆಸಿ, ಪಕ್ಕದಲ್ಲಿ ನಿಂತು ಕೆಲಸ ತೆಗೆಸುವುದಷ್ಟೇ ನನ್ನ ಪಾಲು. ಹಾಗಾಗಿ ಇದನ್ನು ವ್ಯಾಪಾರದ ಪತ್ರ ಎಂದು ಯಾರೂ ತಿಳಿಯಬಾರದು.

ನಮ್ಮೂರಿನ ಹೋಟೆಲುಗಳಲ್ಲಿ ಬೆಳಿಗ್ಗೆ ಮಿರ್ಚಿಗೆ ಇಟ್ಟ ಬಾಣಲೆ ರಾತ್ರಿಯವರೆಗೂ ಒಲೆಯಿಂದ ಇಳಿಯುವುದಿಲ್ಲ. ಒಗ್ಗರಣೆ-ಮಿರ್ಚಿ ಇಲ್ಲದ ಬಳ್ಳಾರಿ ಬಳ್ಳಾರಿಯೇ ಅಲ್ಲ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬಾಣಲೆಯಲ್ಲಿ ಕಾಯುವುದು ಹೆಚ್ಚಾಗಿ ಪಾಮ್ ಎಣ್ಣೆ. ಪಾತ್ರೆ ತೊಳೆಯುವಾಗ ಅದು ಬಿಸಿನೀರಿನ ಜೊತೆ ಕರಗಿ ಸಿಂಕ್ ದಾಟುತ್ತದೆ, ಬೆಂಡ್ ದಾಟುತ್ತದೆ, ನೆಲದಡಿಯ ಪೈಪಿಗೆ ಹೋಗಿ ತಣ್ಣಗಾದ ಮೇಲೆ ಒಳಗೋಡೆಗೆ ಹಿಡಿಯುತ್ತದೆ. ಪಾಮ್ ಎಣ್ಣೆ, ವನಸ್ಪತಿಗಳು ಶೇಂಗಾ ಎಣ್ಣೆಗಿಂತ ಬೇಗ ಹೆಪ್ಪುಗಟ್ಟುವ ಜಾತಿ. ಬಳ್ಳಾರಿ ಬಿಸಿಲಿಗೆ ಎಣ್ಣೆ ಎಲ್ಲಿ ಗಟ್ಟಿಯಾಗುತ್ತದೆ ಎಂದು ನಗುವವರಿದ್ದಾರೆ. ಬಿಸಿಲು ಇರುವುದು ರಸ್ತೆಯ ಮೇಲೆ. ಮೂರ್ನಾಲ್ಕು ಅಡಿ ಕೆಳಗಿನ ಲೆಕ್ಕ ಬೇರೆ. ಸಾಲದ್ದಕ್ಕೆ ನಮ್ಮ ಬೋರ್‌ವೆಲ್‌ಗಳ ಗಡಸು ನೀರು. ಎಣ್ಣೆಯ ಕೊಬ್ಬು ಒಡೆದು ಬರುವ ಆಮ್ಲ, ನೀರಿನಲ್ಲೂ ಸಿಮೆಂಟ್ ಪೈಪಿನಲ್ಲೂ ಇರುವ ಸುಣ್ಣದ ಅಂಶ ಎರಡೂ ಕೂಡಿ ಒಂದು ಬಗೆಯ ಸಾಬೂನೇ ಅಲ್ಲಿ ತಯಾರಾಗುತ್ತದೆ. ಹಳೆಯದಾದರೆ ಉಳಿ ಇಟ್ಟು ಕೆತ್ತಬೇಕಾದಷ್ಟು ಗಟ್ಟಿ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕ ಇಂಥ ಕೊಬ್ಬಿನ ರಾಶಿ 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ನಮ್ಮದು ಅಷ್ಟು ದೊಡ್ಡದಲ್ಲ. ಆರಿಂಚಿನ ಪೈಪು ಮುಚ್ಚಲು ಅಷ್ಟು ಬೇಕಾಗಿಯೂ ಇಲ್ಲ.

ಇದರೊಳಗೆ ದಬ್ಬೆ ಹೊಡೆದರೆ ಏನಾಗುತ್ತದೆ? ಬೆಣ್ಣೆ ಮುದ್ದೆಗೆ ಬೆರಳು ತೂರಿಸಿದ ಹಾಗೆ ನಡುವೆ ಒಂದು ತೂತು. ನೀರು ಸರ್ರನೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಸುತ್ತಲಿನ ಜಿಡ್ಡು ಹಾಗೇ ಉಳಿದಿರುತ್ತದೆ, ಮಾರನೇ ದಿನದಿಂದಲೇ ಆ ತೂತಿನ ಅಂಚಿಗೆ ಅನ್ನ, ಬೇಳೆ, ಕರಿಬೇವು, ಚಹಾಪುಡಿ ಅಂಟಲು ಶುರು. ಜೆಟ್ಟಿಂಗನ್ನೂ ಅರೆಬರೆ ಮಾಡಿಸಿದರೆ ಆಗುವುದು ಇದೇ. ಪತ್ರ ಬರೆದ ಮಾಲೀಕರ ಲೈನಿನಲ್ಲಿ ಆಗಿದ್ದೂ ಇದೇ ಇರಬೇಕು ಎಂದು ನನ್ನ ಅಂದಾಜು.

ಜೆಟ್ಟಿಂಗ್ ಎಂದರೆ ಜೋರಾಗಿ ನೀರು ಬಿಟ್ಟು ಕಸವನ್ನು ಮುಂದಕ್ಕೆ ತಳ್ಳುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ಹೋಸಿನ ತುದಿಯಲ್ಲಿ ಒಂದು ಹಿತ್ತಾಳೆ ಅಥವಾ ಉಕ್ಕಿನ ನಾಜಲ್ ಇರುತ್ತದೆ. ಅದರ ಮುಖ್ಯ ತೂತುಗಳೆಲ್ಲ ಹಿಂದಕ್ಕೆ ನೋಡುತ್ತಿರುತ್ತವೆ. ನೀರು ಹಿಂದಕ್ಕೆ ಚಿಮ್ಮುವ ರಭಸಕ್ಕೆ ನಾಜಲ್ ತಾನೇ ಹೋಸನ್ನು ಎಳೆದುಕೊಂಡು ಪೈಪಿನೊಳಗೆ ಮುಂದೆ ಹೋಗುತ್ತದೆ. ಆಮೇಲೆ ಅದನ್ನು ನಿಧಾನವಾಗಿ ವಾಪಸ್ ಎಳೆಯಬೇಕು. ನಿಜವಾದ ತೊಳೆತ ನಡೆಯುವುದು ಹೋಗುವಾಗ ಅಲ್ಲ, ಬರುವಾಗ. ಹಿಂದಕ್ಕೆ ಚಿಮ್ಮುವ ನೀರು ಗೋಡೆಯ ಜಿಡ್ಡನ್ನು ಕೆರೆದು, ಕೆರೆದದ್ದನ್ನು ಚೇಂಬರಿನ (ಪೈಪುಗಳು ಕೂಡುವ ಮುಚ್ಚಳದ ಗುಂಡಿಯ) ಕಡೆ ಗುಡಿಸಿಕೊಂಡು ಬರುತ್ತದೆ. ಹಾಗಾಗಿ ನಾಜಲ್ ಬಿಡಬೇಕಾದ್ದು ಇಳಿಜಾರಿನ ಕೆಳಗಿನ ಚೇಂಬರಿನಿಂದ, ಮೇಲ್ಮುಖವಾಗಿ. ಕಸ ಹರಿವಿನ ಜೊತೆಗೇ ಕೆಳಗಿನ ಚೇಂಬರಿಗೆ ಬಂದು ಬೀಳುತ್ತದೆ. ಅಲ್ಲಿ ಸಕ್ಕಿಂಗ್ ಗಾಡಿಯ ಪೈಪು ತಯಾರಿರಬೇಕು, ಬಿದ್ದದ್ದನ್ನು ಹೀರಿಕೊಳ್ಳಬೇಕು.

ನಾನು ಕಂಡ ಹಾಗೆ ಹತ್ತರಲ್ಲಿ ಆರೇಳು ಕಡೆ ಮೇಲಿನ ಚೇಂಬರಿನಿಂದ ಹೊಡೆಯುತ್ತಾರೆ. ಕಾರಣ ಸರಳ: ಮೇಲಿನ ಚೇಂಬರು ಹೋಟೆಲಿನ ಹಿತ್ತಲಲ್ಲಿ ಕೈಗೆ ಸಿಗುವಂತಿರುತ್ತದೆ, ಕೆಳಗಿನದರ ಮೇಲೆ ಯಾರೋ ಬೈಕ್ ನಿಲ್ಲಿಸಿರುತ್ತಾರೆ, ಇಲ್ಲವೇ ಅದರ ಮುಚ್ಚಳದ ಮೇಲೆ ರಸ್ತೆಯವರು ಡಾಂಬರು ಎಳೆದಿರುತ್ತಾರೆ. ಬ್ಲಾಕ್ ಒಡೆಯುತ್ತದೆ, ನೀರು ಇಳಿಯುತ್ತದೆ, ಬಿಲ್ ಆಗುತ್ತದೆ. ಒಡೆದ ಜಿಡ್ಡಿನ ಗಡ್ಡೆ ಮುಂದೆ ಹೋಗಿ ಎರಡು ಅಂಗಡಿ ಆಚೆ, ಪಾಲಿಕೆಯ ಲೈನಿನ ತಿರುವಿನಲ್ಲಿ ಕೂರುತ್ತದೆ. ಅಲ್ಲಿಂದ ಮತ್ತೆ ನಿಮ್ಮ ಹೋಟೆಲಿಗೇ ನೀರು ಹಿಂದೆ ಸರಿಯುತ್ತದೆ. "ಜೆಟ್ಟಿಂಗ್ ಮಾಡ್ಸಿದ್ರೂ ಮತ್ತೆ ತುಂಬೇತಿ ನೋಡ್ರಿ" ಎನ್ನುವ ದೂರಿನ ಮೂಲ ಬಹಳ ಸಲ ಇಲ್ಲೇ ಇರುತ್ತದೆ.

ಇನ್ನು ಒತ್ತಡದ ಹುಚ್ಚು. ಗಾಡಿಯವರು ಮೊದಲು ಹೇಳುವುದೇ "ನಮ್ದು ಇಷ್ಟು ಬಾರ್ ಹೊಡೀತೈತಿ" ಎಂದು. ಬಾರ್ ಎಂದರೆ ಒತ್ತಡದ ಅಳತೆ. ಮೂರು ಅಂತಸ್ತಿನ ಮೇಲಿನ ಟ್ಯಾಂಕಿಯಿಂದ ಕೆಳಗಿನ ನಲ್ಲಿಗೆ ಬರುವ ಒತ್ತಡ ಸುಮಾರು ಒಂದು ಬಾರ್. ಜೆಟ್ಟಿಂಗ್ ಗಾಡಿ 100ರಿಂದ 200 ಬಾರ್ ಕೊಡುತ್ತದೆ. ಆದರೆ ಒತ್ತಡ ಮಾಡುವುದು ಕತ್ತರಿಸುವ ಕೆಲಸ ಮಾತ್ರ. ಕತ್ತರಿಸಿದ್ದನ್ನು ಹೊತ್ತು ತರುವುದು ನೀರಿನ ಪ್ರಮಾಣ, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು. ಕಾರು ತೊಳೆಯುವ ಮಷಿನ್ ಕೂಡ ಒಳ್ಳೆಯ ಒತ್ತಡವನ್ನೇ ಕೊಡುತ್ತದೆ, ನೀರು ಮಾತ್ರ ನಿಮಿಷಕ್ಕೆ ಹತ್ತಿಪ್ಪತ್ತು ಲೀಟರ್ ದಾಟುವುದಿಲ್ಲ. ಅದನ್ನು ತಂದು ಎಂಟಿಂಚಿನ ಲೈನಿಗೆ ಬಿಟ್ಟು ಜೆಟ್ಟಿಂಗ್ ಎಂದು ದುಡ್ಡು ಎಣಿಸಿಕೊಂಡು ಹೋದವರನ್ನೂ ನೋಡಿದ್ದೇನೆ. ಇನ್ನೊಂದು ಮಾತು: ಗಾಡಿಯ ಮೀಟರು ತೋರಿಸುವುದು ಪಂಪಿನ ಹತ್ತಿರದ ಒತ್ತಡ. ಸಣ್ಣ ಹೋಸು ಉದ್ದವಿದ್ದಷ್ಟೂ ದಾರಿಯಲ್ಲೇ ಒಂದಷ್ಟು ಒತ್ತಡ ಕಡಿಮೆಯಾಗುತ್ತದೆ. ತೂತು ಸವೆದು ದೊಡ್ಡದಾದ ಹಳೆ ನಾಜಲ್ ಇದ್ದರೆ ತುದಿಯಲ್ಲಿ ಏನೂ ಉಳಿದಿರುವುದಿಲ್ಲ.

ನಮ್ಮೂರಿನ ಇನ್ನೊಂದು ಕಸದ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಜೀನ್ಸ್ ವಾಷಿಂಗ್ ಮಾಡುವ ಕಡೆ ಬಟ್ಟೆಗೆ ಮಾಸಿದ ಬಣ್ಣ ಬರಲಿ ಎಂದು ಪ್ಯೂಮಿಸ್ ಕಲ್ಲು ಹಾಕಿ ತಿರುಗಿಸುತ್ತಾರೆ. ಆ ಕಲ್ಲಿನ ಪುಡಿ, ಬಟ್ಟೆಯ ನೂಲಿನ ಹಿಂಜು ಶುದ್ಧೀಕರಣವಾಗದೆ ಚರಂಡಿಗೆ ಬಿಟ್ಟಲ್ಲೆಲ್ಲ ಪೈಪಿನ ತಳದಲ್ಲಿ ಪದರವಾಗಿ ಕೂರುತ್ತದೆ. ಇದು ಗೋಡೆಗೆ ಅಂಟುವ ಜಾತಿಯಲ್ಲ, ತಳಕ್ಕೆ ಇಳಿಯುವ ಜಾತಿ. ಜಿಡ್ಡಿಗೆ ಹಾಕುವ ನಾಜಲ್ ಇಲ್ಲಿ ದಂಡ. ತಳ ಗುಡಿಸುವ ನಾಜಲ್ ಬೇಕು, ಹೆಚ್ಚು ನೀರು ಬೇಕು, ಸಕ್ಕಿಂಗ್ ಇಲ್ಲದೆ ಸಾಧ್ಯವೇ ಇಲ್ಲ. ಬೇವಿನ ಬೇರು, ಅರಳಿ ಬೇರು ಜಾಯಿಂಟಿನಲ್ಲಿ ನುಗ್ಗಿದ್ದರೆ ತಿರುಗುವ ಕಟ್ಟರ್ ಬೇಕು. ಹಳೇ ಪೇಟೆಯ ಕಡೆ ಇನ್ನೂ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪುಗಳಿವೆ. ಜಾಯಿಂಟಿನ ಸಿಮೆಂಟು ಉದುರಿದ ಅಂಥ ಪೈಪಿಗೆ ಪೂರ್ತಿ ಒತ್ತಡ ಕೊಟ್ಟು ಒಂದೇ ಜಾಗದಲ್ಲಿ ನಾಜಲ್ ನಿಲ್ಲಿಸಿದರೆ ಪೈಪೇ ಬಾಯಿ ಬಿಡುತ್ತದೆ. ಇದಕ್ಕೆಲ್ಲ ಮೊದಲು ಕ್ಯಾಮೆರಾ ಬಿಟ್ಟು ನೋಡಬೇಕು. ಈಗ ಕೈಯಲ್ಲಿ ತಳ್ಳುವ ಸಣ್ಣ ಕ್ಯಾಮೆರಾಗಳು ಸಿಗುತ್ತವೆ, ಮೊಬೈಲಿನಲ್ಲೇ ಚಿತ್ರ ಬರುತ್ತದೆ. ಕೆಲಸದ ಮೊದಲು ಒಂದು, ಆದ ಮೇಲೆ ಒಂದು ವಿಡಿಯೋ ಕೊಡದವರಿಗೆ ಪೂರ್ತಿ ಬಿಲ್ ಕೊಡಬೇಡಿ ಎಂದು ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಗಾಡಿಯವರಿಗೆ ಇದರಿಂದ ನನ್ನ ಮೇಲೆ ಮುನಿಸು, ಇರಲಿ.

ಮಾಲೀಕರ ಕಡೆಯ ವಿಷಯವೂ ಇದೆ. ಒಂದು ಕಾಂಪ್ಲೆಕ್ಸಿನಲ್ಲಿ ಜೆಟ್ಟಿಂಗ್ ನಡೆಯುವಾಗ ಕೆಳಗಿನ ಟೈಲರ್ ಅಂಗಡಿಯ ಬೇಸಿನ್ನಿನಿಂದ ಕೊಳಚೆ ಕಾರಂಜಿ ಎದ್ದು ಮದುವೆಗೆ ಹೊಲಿದಿಟ್ಟ ಬ್ಲೌಸುಗಳೆಲ್ಲ ಹಾಳಾದವು. ಗಾಡಿಯವನನ್ನು ಜನ ಹೊಡೆಯಲು ಹೋದರು. ಹುಡುಕಿ ನೋಡಿದರೆ, ಬೋರ್ಡು ಹಾಕಲು ಅಡ್ಡ ಬರುತ್ತದೆ ಎಂದು ಮಾಲೀಕರೇ ಗಾಳಿ ಹೊರಹೋಗುವ ವೆಂಟ್ ಪೈಪನ್ನು ಕತ್ತರಿಸಿ ಸಿಮೆಂಟ್ ಮೆತ್ತಿಸಿದ್ದರು. ಪೈಪಿನೊಳಗೆ ಅಷ್ಟು ರಭಸದಲ್ಲಿ ನೀರು ಬಂದಾಗ ಗಾಳಿ ಎಲ್ಲಾದರೂ ಹೊರಗೆ ಹೋಗಲೇಬೇಕಲ್ಲ? ಹತ್ತಿರದ ಬೇಸಿನ್ ಸಿಕ್ಕಿತು, ಅಲ್ಲಿಂದಲೇ ಹೋಯಿತು. ಕೆಲಸಕ್ಕೆ ಮೊದಲು ಕೆಳಗಿನ ಅಂತಸ್ತಿನವರಿಗೆಲ್ಲ ಹೇಳಿ ಬೇಸಿನ್, ಕಮೋಡುಗಳನ್ನು ಮುಚ್ಚಿಸುವುದು ಗಾಡಿಯವನ ಕರ್ತವ್ಯವೂ ಹೌದು.

ಆಸಿಡ್, ಕಾಸ್ಟಿಕ್ ಸೋಡಾ ಸುರಿಯುವ ಚಟವನ್ನು ಮಾತ್ರ ದಯವಿಟ್ಟು ಬಿಡಿ. ರಾತ್ರಿ ಹೋಟೆಲಿನ ಹುಡುಗ ಆಸಿಡ್ ಸುರಿಯುತ್ತಾನೆ, ಬೆಳಿಗ್ಗೆ ಇನ್ನೊಬ್ಬ ಕಾಸ್ಟಿಕ್ ಸುರಿಯುತ್ತಾನೆ. ಎರಡೂ ಕೂಡಿ ಕುದಿದು ಮೇಲಕ್ಕೆ ಉಗುಳುತ್ತದೆ. ಹಳೆ ಕೊಳಚೆಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚು ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಇದು. ಇದರ ಮೋಸ ಏನೆಂದರೆ, ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲು ಮುಟ್ಟುವ ಹೊತ್ತಿಗೆ ಮೂಗು ಸತ್ತುಹೋಗುತ್ತದೆ, ವಾಸನೆ ಗೊತ್ತಾಗುವುದಿಲ್ಲ. "ವಾಸನಿ ಹೋತು, ಗ್ಯಾಸ್ ಹೋತು, ಇನ್ನ ಇಳೀಬಹುದು" ಎಂದು ಮೇಲೆ ನಿಂತವರು ಹೇಳುತ್ತಾರೆ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿನಲ್ಲಿ ಮನುಷ್ಯ ಕುಸಿಯುತ್ತಾನೆ. ಗಾಳಿಗಿಂತ ಭಾರವಾದ್ದರಿಂದ ಅದು ಗುಂಡಿಯ ತಳದಲ್ಲೇ ಕೂತಿರುತ್ತದೆ. ಮೊದಲು ಇಳಿದವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುವುದು ಇದಕ್ಕೇ.

ಈಗ ದಬ್ಬೆಯ ಪರ ಇರುವವರಿಗೆ ಕಾನೂನಿನ ಮಾತು. 2013ರ ಮ್ಯಾನುಯಲ್ ಸ್ಕ್ಯಾವೆಂಜರ್ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸುವಂತಿಲ್ಲ. ಪಾಲಿಕೆ ಮಾತ್ರವಲ್ಲ, ಯಾವುದೇ ವ್ಯಕ್ತಿ, ಯಾವುದೇ ಸಂಸ್ಥೆ, ನೇರವಾಗಿಯಾಗಲಿ ಗುತ್ತಿಗೆದಾರನ ಮೂಲಕವಾಗಲಿ. ಹೋಟೆಲ್ ಮಾಲೀಕರೂ ಇದರೊಳಗೆ ಬರುತ್ತಾರೆ, ನಾನೂ ಬರುತ್ತೇನೆ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, 5 ಲಕ್ಷದವರೆಗೆ. ಈ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನ ಎಂಬ ಸಂಘಟನೆ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಪ್ರತಿ ಸಾವಿಗೆ 10 ಲಕ್ಷ ಪರಿಹಾರ ಎಂದಿತ್ತು. ಆ ಆಂದೋಲನದ ಮುಂದಾಳು ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವರು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷ. "ಅವನೇ ಒಪ್ಪಿ ಇಳಿದ್ನಲ್ರಿ, ಕುಡಿಯಾಕ ದುಡ್ಡು ಕೇಳಿದ್ದ" ಎಂಬ ಮಾತು ಪೊಲೀಸ್ ಸ್ಟೇಷನ್ನಿನಲ್ಲಿ ನಡೆಯುವುದಿಲ್ಲ. ಕುಡಿಯದೆ ಆ ಗುಂಡಿಗೆ ಇಳಿಯಲು ಯಾರಿಗೂ ಆಗುವುದಿಲ್ಲ ಎಂಬುದನ್ನು ಹಾಗೆ ಮಾತಾಡುವವರು ಒಮ್ಮೆ ಯೋಚಿಸಲಿ.

ಜೆಟ್ಟಿಂಗ್ ಅಂದರೆ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆ ನೀರು ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಕೊಳಚೆ ನೀರು ಮಾಂಸದ ಪದರಗಳ ನಡುವೆ ಹರಡಿರುತ್ತದೆ. ಬ್ಯಾಂಡೇಜ್ ಸುತ್ತಿ ಮನೆಗೆ ಕಳಿಸಿದರೆ ಬೆರಳೇ ಹೋಗಬಹುದು. ನೇರ ಆಸ್ಪತ್ರೆಗೆ ಹೋಗಿ, ಒತ್ತಡದ ನೀರು ಒಳಗೆ ಹೊಕ್ಕಿದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ನಾಜಲ್ ಪೈಪಿನೊಳಗೆ ಪೂರ್ತಿ ಹೋಗುವ ಮೊದಲು ಒತ್ತಡ ಕೊಡಬಾರದು. ಹೊರಗೆ ಬರುವ ಮೊದಲು ಒತ್ತಡ ಇಳಿಸಬೇಕು. ನಾಜಲ್ ಹತ್ತಿರ ಬಂತು ಎಂದು ತಿಳಿಯಲು ಹೋಸಿನ ಕೊನೆಯ ಭಾಗಕ್ಕೆ ಬೇರೆ ಬಣ್ಣದ ಗುರುತು ಹಾಕಿರಬೇಕು. ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು, ಬರಿಗೈಯಲ್ಲಿ ಹೋಸು ಹಿಡಿದು, ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಮಾಡುತ್ತಾರೆ. ದುಡ್ಡು ಕೊಡುವ ನಾವು ಅಷ್ಟನ್ನಾದರೂ ತಡೆಯಬಹುದು.

ಹೋಟೆಲುಗಳಿಗೆ ನನ್ನ ಸಲಹೆ ಚಿಕ್ಕದು. ಪಾತ್ರೆ ತೊಳೆಯುವ ಜಾಗಕ್ಕೂ ಚೇಂಬರಿಗೂ ನಡುವೆ ಗ್ರೀಸ್ ಟ್ರ್ಯಾಪ್, ಅಂದರೆ ಜಿಡ್ಡು ತಡೆಯುವ ತೊಟ್ಟಿ, ಕಟ್ಟಿಸಿ. ಮೇಲೆ ತೇಲುವ ಜಿಡ್ಡು, ತಳದ ಕಸ ಎರಡೂ ಸೇರಿ ಅದರ ಆಳದ ಕಾಲು ಭಾಗ ಮುಟ್ಟುವ ಮೊದಲೇ ಖಾಲಿ ಮಾಡಿಸಿ. ಕಟ್ಟಿಸಿ ವರ್ಷಗಟ್ಟಲೆ ಮುಚ್ಚಳ ತೆಗೆಯದ ಟ್ರ್ಯಾಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಲೈನನ್ನು ತುಂಬಿದ ಮೇಲೆ ಅಲ್ಲ, ತುಂಬುವ ಮೊದಲೇ ಇಂತಿಷ್ಟು ತಿಂಗಳಿಗೊಮ್ಮೆ ಎಂದು ಜೆಟ್ಟಿಂಗ್ ಮಾಡಿಸಿ. ಎಷ್ಟು ತಿಂಗಳಿಗೆ ಎಂಬುದನ್ನು ನಿಮ್ಮ ಅಡುಗೆಮನೆ ಹೇಳುತ್ತದೆ. ಮಿರ್ಚಿ ಕರಿಯುವವರಿಗೂ ಬರೀ ಚಹಾ ಕಾಸುವವರಿಗೂ ಒಂದೇ ಲೆಕ್ಕ ಆಗದು. ತುರ್ತಿಗೆ ರಾತ್ರಿ ಕರೆಸಿದ ಗಾಡಿಯವನು ಕೇಳಿದಷ್ಟು ಕೊಡಬೇಕು, ಮೊದಲೇ ಮಾತಾಡಿಕೊಂಡರೆ ನೀವು ಹೇಳಿದ ರೇಟಿಗೆ ಬರುತ್ತಾನೆ.

ಪಾಲಿಕೆಯವರಲ್ಲಿ ಎರಡು ಮಾತು. ಹೋಟೆಲು, ಕಲ್ಯಾಣ ಮಂಟಪಗಳ ಉದ್ದಿಮೆ ಪರವಾನಗಿ ನವೀಕರಿಸುವಾಗ ಗ್ರೀಸ್ ಟ್ರ್ಯಾಪ್ ಇದೆಯೇ, ಲೈನು ಕೊನೆಯ ಸಲ ಯಾವಾಗ ತೊಳೆಸಿದ್ದು ಎಂದು ಕೇಳಿ, ಬಿಲ್ ತೋರಿಸಲು ಹೇಳಿ. ಕೌಲ್ ಬಜಾರಿನ ಗಲ್ಲಿಗಳಿಗೆ ದೊಡ್ಡ ಲಾರಿ ನುಗ್ಗುವುದಿಲ್ಲ, ಅದಕ್ಕೇ ಅಲ್ಲಿ ದಬ್ಬೆಯ ಕಾಲ ಮುಗಿದಿಲ್ಲ. ಹೈದರಾಬಾದಿನ ಜಲಮಂಡಳಿ 2017ರಲ್ಲೇ ಇಂಥ ಗಲ್ಲಿಗಳಿಗಾಗಿ 70 ಮಿನಿ ಜೆಟ್ಟಿಂಗ್ ಗಾಡಿಗಳನ್ನು ಇಳಿಸಿ, ಅವುಗಳನ್ನು ದಲಿತ ಉದ್ಯಮಿಗಳ ಕೈಗೆ ಕೊಟ್ಟಿತು. ದೆಹಲಿ ಸರ್ಕಾರ 2019ರಲ್ಲಿ 200 ಗಾಡಿಗಳೊಂದಿಗೆ ಅದೇ ದಾರಿ ಹಿಡಿಯಿತು. ನಮ್ಮೂರಿಗೆ ಅಷ್ಟು ಬೇಡ, ನಾಲ್ಕೈದು ಇದ್ದರೆ ಸಾಕು. ಇಷ್ಟು ದಿನ ಗುಂಡಿಗೆ ಇಳಿದ ಮನೆತನದವರೇ ಅದರ ಮಾಲೀಕರಾಗಲಿ. ಪೈಪಿನ ಒಳಗುಟ್ಟು ಅವರಷ್ಟು ಬಲ್ಲವರು ಊರಲ್ಲಿ ಬೇರೆ ಯಾರೂ ಇಲ್ಲ.

ಕೊನೆಯದಾಗಿ ನೀರು. ನಿಮಿಷಕ್ಕೆ 200 ಲೀಟರ್ ಎಂದರೂ ಅರ್ಧ ಗಂಟೆಯ ಜೆಟ್ಟಿಂಗಿಗೆ 6 ಸಾವಿರ ಲೀಟರ್ ಬೇಕು. ತುಂಗಭದ್ರಾ ಕಾಲುವೆಯ ನೀರು ಅಲ್ಲೀಪುರ ಕೆರೆಯಲ್ಲಿ ತುಂಬಿದರಷ್ಟೇ ನಮ್ಮ ನಲ್ಲಿಗೆ ನೀರು. ಅದೇ ಕುಡಿಯುವ ನೀರನ್ನು ಬೇಸಿಗೆಯಲ್ಲಿ ಗಾಡಿಗೆ ತುಂಬಿಸಿ ಚರಂಡಿಗೆ ಬಿಡುವುದನ್ನು ಕಂಡು ಓಣಿಯ ಹೆಂಗಸರು ಗಾಡಿಗೆ ಅಡ್ಡ ನಿಂತರೆ ಅವರ ತಪ್ಪಿಲ್ಲ. ಹೀರಿದ ನೀರನ್ನೇ ಸೋಸಿ ಮತ್ತೆ ಜೆಟ್ಟಿಗೆ ಬಳಸುವ ಗಾಡಿಗಳು ದೊಡ್ಡ ನಗರಗಳಿಗೆ ಬಂದಿವೆ, ಅವು ದುಬಾರಿ. ಅವು ಬರುವವರೆಗೆ, ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಚೆನ್ನಾಗಿ ಸೋಸಿ ಜೆಟ್ಟಿಂಗ್ ಗಾಡಿಗಳಿಗೆ ಕೊಡುವ ಒಂದು ನಲ್ಲಿಯನ್ನು ಘಟಕದ ಗೇಟಿನಲ್ಲೇ ಹಾಕಿಸಲಿ. ಮರಳು ಉಳಿದರೆ ಪಂಪಿನ ಸೀಲು ಹೋಗುತ್ತದೆ, ಆದ್ದರಿಂದ ಫಿಲ್ಟರ್ ಖರ್ಚಿನಲ್ಲಿ ಮಾತ್ರ ಉಳಿತಾಯ ಮಾಡುವುದು ಬೇಡ. ಖಾಸಗಿ ಗಾಡಿಯವರು ಟ್ಯಾಂಕರಿಗೆ ಈಗ ಕೊಡುತ್ತಿರುವುದರಲ್ಲಿ ಅರ್ಧ ದರ ಇಟ್ಟರೂ ಅಲ್ಲಿ ಸಾಲು ನಿಲ್ಲುತ್ತಾರೆ.

ಇತಿ,
ಒಬ್ಬ ಪ್ಲಂಬಿಂಗ್ ಗುತ್ತಿಗೆದಾರ
ಬ್ರೂಸ್‌ಪೇಟೆ, ಬಳ್ಳಾರಿ